ಜೇನ್ನೊಣ, ಇರುವೆಗಳ ದಾಖಲೆ: ಹೆಸರನ್ನು ಎಲ್ಲಿಯವರೆಗೆ ಹೇಳಬಹುದು?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಹೂಗಳ ಮೇಲೆ, ಮರದ ಬುಡದಲ್ಲಿ, ಕಲ್ಲಿನಡಿಯಲ್ಲಿ ಕಾಣಸಿಗುವ ಜೇನ್ನೊಣ ಮತ್ತು ಇರುವೆಗಳ ಚಿತ್ರ ತೆಗೆದು, ಜೀವಿಗಳ ಚಿತ್ರಗಳನ್ನು ಹಂಚಿಕೊಂಡು ಒಬ್ಬರಿಗೊಬ್ಬರು ಗುರುತಿಸಿಕೊಡುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಸೇರಿಸುತ್ತಿದ್ದೇನೆ. ಈವರೆಗೆ 212 ದಾಖಲೆಗಳಾಗಿವೆ. ಅಲ್ಲಿನ ತಂತ್ರಾಂಶ ಚಿತ್ರ ನೋಡಿ ತೋರಿಸುವ ಪಟ್ಟಿಯಲ್ಲಿ ಮೊದಲು ಬರುವ ಹೆಸರನ್ನೇ ಒಪ್ಪಿಕೊಂಡು ಮುಂದೆ ಹೋಗುವುದು ನನಗೆ ರೂಢಿಯಾಗಿಬಿಟ್ಟಿತ್ತು. ಕಳೆದ ವಾರ ಅನುಭವಿಗಳೊಬ್ಬರು ನನ್ನ ದಾಖಲೆಗಳನ್ನು ಒಂದೊಂದಾಗಿ ನೋಡುತ್ತ ಬಂದು, ಅರವತ್ತಕ್ಕೂ ಹೆಚ್ಚು ಕಡೆ ಪ್ರಭೇದದ ಹೆಸರನ್ನು ತೆಗೆದು ಕುಲದ (ಹತ್ತಿರದ ಪ್ರಭೇದಗಳ ಗುಂಪು) ಅಥವಾ ಕುಟುಂಬದ (ಹತ್ತಿರದ ಕುಲಗಳ ಗುಂಪು) ಮಟ್ಟಕ್ಕೆ ಇಳಿಸಿದರು. ನಾಲ್ಕು 'ಜೇನ್ನೊಣ'ಗಳು ಬರಿಯ ನೊಣಗಳೆಂದೂ ಒಂದು 'ಇರುವೆ' ಜೇಡವೆಂದೂ ತಿಳಿಸಿದರು.

ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಪ್ರಭೇದದ ಹೆಸರೇ ಇಲ್ಲದ ದಾಖಲೆಯಿಂದ ಯಾರಿಗೆ ಏನು ಉಪಯೋಗ ಎಂಬ ಪ್ರಶ್ನೆ ಕಾಡುತ್ತಿದೆ. ಗುರುತಿಸಲು ಕಲಿಯುವುದನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಮಸೂರ

ಸ್ವಾಗತ. ಜೇಡವನ್ನು ಇರುವೆ ಎಂದು ಬರೆದವರಲ್ಲಿ ನೀವು ಮೊದಲಿಗರಲ್ಲ, ನಾನೂ ಬರೆದಿದ್ದೇನೆ. ಚಗಳಿ ಇರುವೆಯನ್ನು ಅನುಕರಿಸುವ ಜಿಗಿಯುವ ಜೇಡ ತನ್ನ ಮುಂಗಾಲುಗಳನ್ನು ಎತ್ತಿ ಮೀಸೆಯಂತೆ ಆಡಿಸುತ್ತದೆ. ಕಾಲುಗಳನ್ನು ಎಂಟರವರೆಗೆ ಎಣಿಸಿದ ಮೇಲೆಯೇ ಗುಟ್ಟು ರಟ್ಟಾಗುತ್ತದೆ.

ಹೆಸರಿಗಿಂತ ಮೊದಲು ಎಣಿಕೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಹೂವಿನ ಮೇಲೆ ಕೂತಿರುವುದಕ್ಕೆ ಎರಡೇ ರೆಕ್ಕೆ, ಮುಖದ ಬಹುಭಾಗವನ್ನು ಆವರಿಸಿದ ಕಣ್ಣು ಮತ್ತು ತುಂಡು ಮೀಸೆ ಇದ್ದರೆ, ಮೈಮೇಲೆ ಎಷ್ಟೇ ಹಳದಿ ಪಟ್ಟೆಗಳಿದ್ದರೂ ಅದು ನೊಣ. ಜೇನ್ನೊಣಕ್ಕೆ ನಾಲ್ಕು ರೆಕ್ಕೆಗಳಿವೆ. ಹಿಂದಿನ ರೆಕ್ಕೆಯ ಅಂಚಿನ ಸಣ್ಣ ಕೊಕ್ಕೆಗಳು ಮುಂದಿನ ರೆಕ್ಕೆಗೆ ಸಿಕ್ಕಿಕೊಂಡಿರುವುದರಿಂದ ಚಿತ್ರದಲ್ಲಿ ಎರಡೇ ಇರುವಂತೆ ತೋರುವುದುಂಟು. ಆಗ ಮೀಸೆಯನ್ನು ನೋಡಿ ತೀರ್ಮಾನಿಸುವುದು ಸುಲಭ. ಕಣಜವನ್ನು ಬೇರ್ಪಡಿಸುವುದು ಇದಕ್ಕಿಂತ ತುಸು ಕಷ್ಟ. ಜೇನ್ನೊಣದ ರೋಮಗಳಲ್ಲಿ ಕೆಲವಾದರೂ ಗರಿಯಂತೆ ಕವಲೊಡೆದಿರುತ್ತವೆ, ಆದರೆ ಅದು ಕಾಣಬೇಕಾದರೆ ಸೂಕ್ಷ್ಮದರ್ಶಕ ಬೇಕು. ಬಯಲಿನಲ್ಲಿ ನಿಂತಾಗ ನಾನು ನೋಡುವುದು ಪರಾಗ ಎಲ್ಲಿದೆ ಎಂಬುದನ್ನು.

ಹುಲ್ಲೆಸಳು

ಪರಾಗದ ಮಾತು ಬಂದದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ನನ್ನ ಕಲಿಕೆಯ ಬಾಗಿಲು ತೆರೆದದ್ದು ಅಲ್ಲಿಯೇ.

ಜೇನುಗೂಡಿನ ಹುಳುಗಳು ಮತ್ತು ಕೊಂಡಿಯಿಲ್ಲದ ಮುಜಂಟಿ ಜೇನುಗಳು ಪರಾಗವನ್ನು ಜೇನಿನಿಂದ ತೇವ ಮಾಡಿ, ಹಿಂಗಾಲಿನ ನಯವಾದ ತಗ್ಗಿನಲ್ಲಿ ಉಂಡೆ ಕಟ್ಟಿ ಒಯ್ಯುತ್ತವೆ. ಆ ಉಂಡೆ ಅಚ್ಚುಕಟ್ಟಾಗಿ ಅಂಟಿಕೊಂಡಿರುತ್ತದೆ. ಒಂಟಿಯಾಗಿ ಬದುಕುವ ಬಹುಪಾಲು ಜೇನ್ನೊಣಗಳಲ್ಲಿ ಇಂಥ ಬುಟ್ಟಿ ಇರುವುದಿಲ್ಲ. ಹಿಂಗಾಲಿನ ದಟ್ಟ ಕೂದಲಿನ ನಡುವೆ ಒಣ ಪರಾಗ ಪುಡಿಪುಡಿಯಾಗಿ ತುಂಬಿಕೊಂಡಿರುತ್ತದೆ. ಎಲೆ ಕತ್ತರಿಸುವ ಜೇನ್ನೊಣಗಳು ಸೇರಿದ ಮೆಗಾಕೈಲಿಡೇ ಕುಟುಂಬದ ಹೆಣ್ಣುಗಳು ಕಾಲನ್ನು ಬಿಟ್ಟು ಹೊಟ್ಟೆಯ ಅಡಿಭಾಗದ ಕೂದಲಿನಲ್ಲಿ ಪರಾಗ ಹೊರುತ್ತವೆ. ಒಮ್ಮೆ ಒಂದು ಹೂವಿನ ಮೇಲೆ ಹೊಟ್ಟೆಯನ್ನು ಮೇಲಕ್ಕೆತ್ತಿ ಕೂತಿದ್ದ ಹುಳುವನ್ನು ಹಿಂದಿನಿಂದ ನೋಡಿದಾಗ, ಅದರ ಅಡಿಭಾಗವೆಲ್ಲ ಕಿತ್ತಳೆ ಬಣ್ಣದ ಕುಂಚದಂತೆ ಕಂಡಿತು. ಅಷ್ಟು ಕಂಡರೆ ಕುಟುಂಬದ ಹೆಸರನ್ನು ಧೈರ್ಯವಾಗಿ ಬರೆಯಬಹುದು.

ಆದರೆ ಪರಾಗವಿಲ್ಲ ಎಂದಮಾತ್ರಕ್ಕೆ ಜೇನ್ನೊಣವಲ್ಲ ಎನ್ನಬೇಡಿ. ಗಂಡುಗಳು ಪರಾಗ ಹೊರುವುದಿಲ್ಲ. ಬೇರೆ ಜೇನ್ನೊಣಗಳ ಗೂಡಿನಲ್ಲಿ ಕದ್ದು ಮೊಟ್ಟೆಯಿಡುವ ಕೋಗಿಲೆ ಜೇನ್ನೊಣಗಳಿಗೆ ಅದರ ಅಗತ್ಯವೇ ಇಲ್ಲ. ಹೈಲಿಯಸ್ ಕುಲದ ಬೋಳು ಮೈಯ ಪುಟ್ಟ ಹುಳುಗಳಂತೂ ಪರಾಗವನ್ನು ನುಂಗಿ ಹೊಟ್ಟೆಯೊಳಗೇ ಒಯ್ಯುವುದರಿಂದ, ಅವುಗಳನ್ನು ಕಣಜವೆಂದು ಬರೆದವರ ಪಟ್ಟಿ ದೊಡ್ಡದಿದೆ.

ಗೊದ್ದ

ನಾನು ಇರುವೆಯ ಪಕ್ಷದವನು. ಇಲ್ಲಿ ಎಲ್ಲರೂ ಹೂವಿನ ಕಡೆಗೇ ಓಡುವುದನ್ನು ನೋಡಿ ನೆಲದವರ ಪರವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇರುವೆಯ ಬಣ್ಣವನ್ನು ಮೊದಲು ಮರೆತುಬಿಡಿ. 'ಸಣ್ಣ ಕಪ್ಪಿರುವೆ', 'ಕೆಂಪಿರುವೆ' ಎಂಬ ಹೆಸರುಗಳಡಿಯಲ್ಲಿ ಎಷ್ಟು ಕುಲಗಳು ಅಡಗಿವೆಯೋ ಲೆಕ್ಕವಿಲ್ಲ. ನೋಡಬೇಕಾದದ್ದು ಸೊಂಟವನ್ನು, ಅದೂ ಪಕ್ಕದಿಂದ. ಎದೆಗೂ ಹೊಟ್ಟೆಗೂ ನಡುವೆ ಒಂದು ಗಂಟಿದೆಯೋ ಎರಡಿವೆಯೋ ಎಂಬುದೇ ಮೊದಲ ಪ್ರಶ್ನೆ. ಗೊದ್ದ, ಚಗಳಿ ಮುಂತಾದವು ಸೇರಿದ ಫಾರ್ಮಿಸಿನೇ ಉಪಕುಟುಂಬಕ್ಕೆ ಒಂದೇ ಗಂಟು. ಅವುಗಳಿಗೆ ಕೊಂಡಿಯಿಲ್ಲ, ಹೊಟ್ಟೆಯ ತುದಿಯ ದುಂಡನೆಯ ರಂಧ್ರದಿಂದ ಆಮ್ಲ ಚಿಮ್ಮಿಸುತ್ತವೆ. ಮಿರ್ಮಿಸಿನೇ ಉಪಕುಟುಂಬಕ್ಕೆ ಎರಡು ಗಂಟು. ಪೊನೆರಿನೇ ಉಪಕುಟುಂಬಕ್ಕೂ ಗಂಟು ಒಂದೇ, ಆದರೆ ಅವುಗಳಿಗೆ ಕೊಂಡಿಯಿದೆ, ಜೊತೆಗೆ ಹೊಟ್ಟೆಯ ಮೊದಲ ಎರಡು ಖಂಡಗಳ ನಡುವೆ ದಾರ ಬಿಗಿದಂತೆ ತುಸು ಒಳಸರಿದಿರುವುದನ್ನು ಹಲವು ಕುಲಗಳಲ್ಲಿ ಕಾಣಬಹುದು. ಎರಡು ಗಂಟಿನವೆಲ್ಲ ಮಿರ್ಮಿಸಿನೇ ಎಂದುಕೊಳ್ಳಬೇಡಿ. ಮರದ ಮೇಲೆ ಓಡಾಡುವ, ಉದ್ದ ಮೈಯ, ದೊಡ್ಡ ಕಣ್ಣಿನ ಟೆಟ್ರಪೊನೆರಾ ಕುಲದ ಇರುವೆಗೂ ಎರಡು ಗಂಟುಗಳಿವೆ, ಅದರ ಉಪಕುಟುಂಬ ಬೇರೆ.

ಎರಡನೆಯದು ಮೀಸೆ. ಇರುವೆಯ ಮೀಸೆಯ ಬುಡದ ಖಂಡ ಉದ್ದವಾಗಿದ್ದು, ಮೊಣಕೈಯಂತೆ ಅಲ್ಲಿ ಬಾಗುತ್ತದೆ. ಮಳೆ ಬಂದ ಮರುದಿನ ರೆಕ್ಕೆ ಹೊತ್ತು ಏಳುವ ಹುಳುಗಳ ಚಿತ್ರಗಳು ನಿಮ್ಮಲ್ಲಿದ್ದರೆ ಇದನ್ನು ಪರೀಕ್ಷಿಸಿ ನೋಡಿ: ಮೀಸೆ ಮಣಿಸರದಂತೆ ನೇರವಾಗಿದ್ದು, ನಾಲ್ಕೂ ರೆಕ್ಕೆಗಳು ಒಂದೇ ಅಳತೆಯಲ್ಲಿದ್ದು, ಸೊಂಟವೇ ಇಲ್ಲದಿದ್ದರೆ ಅದು ಗೆದ್ದಲು. ಮೀಸೆಯ ಖಂಡಗಳ ಎಣಿಕೆ ಇನ್ನೂ ಮುಂದಕ್ಕೆ ಒಯ್ಯುತ್ತದೆ. ಸೊಲೆನಾಪ್ಸಿಸ್ ಕುಲದ ಕೆಲಸಗಾರ ಇರುವೆಗೆ ಹತ್ತು ಖಂಡಗಳಿದ್ದು ತುದಿಯ ಎರಡು ದಪ್ಪವಾಗಿ ಗದೆಯಂತಿರುತ್ತವೆ. ಫೈಡೋಲೆ ಕುಲದಲ್ಲಿ ಸಾಮಾನ್ಯವಾಗಿ ಹನ್ನೆರಡು, ಗದೆಗೆ ಮೂರು. ಇದನ್ನು ಎಣಿಸಿ ಮುಗಿಸಿದ ದಿನ ನನಗೆ ಹತ್ತನೆಯ ತರಗತಿ ಪಾಸಾದಷ್ಟೇ ಸಂತೋಷವಾಗಿತ್ತು.

ಹೊಸಹೆಜ್ಜೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಒಂದು ತೊಡಕು ಮಾತ್ರ ಉಳಿದಿದೆ. ನನ್ನ ಇರುವೆ ಚಿತ್ರಗಳಲ್ಲಿ ಮುಕ್ಕಾಲು ಪಾಲು ಮೇಲಿನಿಂದ ತೆಗೆದವು, ಅವುಗಳಲ್ಲಿ ಸೊಂಟದ ಗಂಟು ಕಾಣುವುದೇ ಇಲ್ಲ. ಅವು ನಿಲ್ಲುವುದೂ ಇಲ್ಲ. ಬಗ್ಗಿ ಪಕ್ಕದಿಂದ ತೆಗೆಯಲು ಹೋದರೆ ಮಸುಕಾದ ಗೆರೆಯೊಂದು ಬರುತ್ತದೆ.

ಗೊದ್ದ

ಸಕ್ಕರೆ ನೀರಿನ ಒಂದು ಹನಿಯನ್ನು ಒಣ ಎಲೆಯ ಅಂಚಿಗೆ ಇಟ್ಟು ಕಾಯಿರಿ. ಕುಡಿಯಲು ನಿಂತ ಇರುವೆ ಸ್ವಲ್ಪ ಹೊತ್ತು ಅಲುಗಾಡುವುದಿಲ್ಲ. ಎಲೆಯನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ಒಂದು, ತಲೆಯ ಮುಂಭಾಗದಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆದುಕೊಳ್ಳಬಹುದು. ಮೂರನ್ನೂ ಒಂದೇ ದಾಖಲೆಯಡಿ ಸೇರಿಸಿ. ಆದರೆ ಮೂರೂ ಒಂದೇ ಇರುವೆಯದ್ದಾಗಿರಲಿ, ಇಲ್ಲವೇ ಒಂದೇ ಸಾಲಿನವು ಎಂದು ಟಿಪ್ಪಣಿಯಲ್ಲಿ ತಿಳಿಸಿ. ಹನಿಯ ಸುತ್ತ ಎರಡು ಪ್ರಭೇದಗಳು ಸೇರುವುದು ಅಪರೂಪವಲ್ಲ. ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳಿರುವ ಕಾಗದದ ಚೂರು ಇದ್ದರೆ ಅಳತೆಯ ಜಗಳವೂ ಇಲ್ಲ.

ಹುಲ್ಲೆಸಳು

ಜೇನ್ನೊಣಕ್ಕೆ ಸಕ್ಕರೆಯ ಹನಿ ಬೇಕಿಲ್ಲ, ತಂಪು ಹೊತ್ತು ಸಾಕು. ಬೆಳಗಿನ ಚಳಿಯಲ್ಲಿ ಮೈ ಕಾಯಿಸಿಕೊಳ್ಳದ ಹುಳು ಹಾರಲಾರದು. ಸಂಜೆ ಹುಲ್ಲಿನ ಕಡ್ಡಿಗಳನ್ನು ಗಮನಿಸಿ ನೋಡಿ. ನೀಲಿಪಟ್ಟೆಯ ಅಮೆಗಿಲ್ಲಾ ಕುಲದ ಗಂಡುಗಳು ದವಡೆಯಿಂದ ಕಡ್ಡಿಯನ್ನು ಕಚ್ಚಿಕೊಂಡು, ಕಾಲುಗಳನ್ನು ಮಡಚಿ, ಸಾಲಾಗಿ ಜೋತು ನಿದ್ರಿಸುತ್ತವೆ. ಹಗಲಿನಲ್ಲಿ ಒಂದು ಕ್ಷಣವೂ ನಿಲ್ಲದ ಈ ಹುಳುವಿನ ಮೀಸೆಯ ಖಂಡಗಳನ್ನು ಆಗ ನಿಧಾನವಾಗಿ ಎಣಿಸಬಹುದು. ಹೆಣ್ಣಿಗೆ ಹನ್ನೆರಡು, ಗಂಡಿಗೆ ಹದಿಮೂರು. ಬಹುತೇಕ ಎಲ್ಲ ಜೇನ್ನೊಣಗಳಿಗೂ ಈ ಲೆಕ್ಕ ಹೊಂದುತ್ತದೆ. ಗಂಡೋ ಹೆಣ್ಣೋ ಎಂಬುದನ್ನು ಬರೆದಿಟ್ಟರೆ ಮುಂದೆ ಗುರುತಿಸುವವರ ಅರ್ಧ ಕೆಲಸ ಹಗುರಾಗುತ್ತದೆ.

ರೆಕ್ಕೆ ಚಾಚಿದ ಚಿತ್ರ ಸಿಕ್ಕಿದರೆ ಅದು ಬಂಗಾರ. ಮುಂದಿನ ರೆಕ್ಕೆಯ ನರಗಳು ಮನೆಗಳನ್ನು ಕಟ್ಟಿದಂತೆ ಕಾಣುತ್ತವೆ. ಮೇಲಂಚಿನ ಕೆಳಗಿನ ಸಾಲಿನಲ್ಲಿ ಅಂಥ ಮನೆಗಳು ಎರಡಿವೆಯೋ ಮೂರಿವೆಯೋ ಎಂಬುದೂ, ಬುಡದ ಒಂದು ನರ ನೇರವಾಗಿದೆಯೋ ಬಿಲ್ಲಿನಂತೆ ಬಾಗಿದೆಯೋ ಎಂಬುದೂ ಕುಟುಂಬವನ್ನು ಹೇಳುವ ಸಾಕ್ಷಿಗಳು. ಬಿಲ್ಲಿನಂತೆ ಬಲವಾಗಿ ಬಾಗಿದ್ದರೆ ಮೊದಲು ಹ್ಯಾಲಿಕ್ಟಿಡೇ ಕುಟುಂಬವನ್ನು ನೆನೆಯಬೇಕು.

ಕಟ್ಟುನಿಟ್ಟು

ಎಲ್ಲವೂ ಸರಿ, ಆದರೆ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಚಿತ್ರದಿಂದ ಪ್ರಭೇದ ತಿಳಿಯುವುದಿಲ್ಲವೆಂದಾದರೆ ಮಾದರಿಯನ್ನು ಹಿಡಿದು ಸಂಗ್ರಹಿಸಬೇಕು, ಇಲ್ಲವಾದರೆ ಸುಮ್ಮನಿರಬೇಕು. ಜೇನ್ನೊಣಗಳ ಲೇಸಿಯೋಗ್ಲಾಸಮ್ ಎಂಬ ಒಂದೇ ಕುಲದಲ್ಲಿ 1,700ಕ್ಕೂ ಹೆಚ್ಚು ಪ್ರಭೇದಗಳಿವೆ. ಫೈಡೋಲೆಯಲ್ಲಿ ಸಾವಿರಕ್ಕೂ ಹೆಚ್ಚು. ಇವುಗಳನ್ನು ಮೊಬೈಲ್ ಚಿತ್ರದಿಂದ ಬಿಡಿಸುತ್ತೇವೆ ಎನ್ನುವುದು ಹುಡುಗಾಟ. 'ಲೇಸಿಯೋಗ್ಲಾಸಮ್, ಪ್ರಭೇದ ಗೊತ್ತಿಲ್ಲ' ಎಂಬ ಸಾವಿರ ದಾಖಲೆಗಳಿಗಿಂತ, ಸೂಜಿ ಚುಚ್ಚಿ ಚೀಟಿ ಅಂಟಿಸಿದ ಹತ್ತು ಮಾದರಿಗಳಿಗೆ ಹೆಚ್ಚು ಬೆಲೆಯಿದೆ.

ಟಿಪ್ಪಣಿಪುಸ್ತಕ

ಕಟ್ಟುನಿಟ್ಟು ಅವರ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಮಾದರಿಯಿಲ್ಲದೆ ಬಿಡಿಸಲಾಗದ ಕುಲಗಳಿವೆ; ಮುಂದೊಂದು ದಿನ ಒಂದು ಪ್ರಭೇದವನ್ನು ಮೂರಾಗಿ ಒಡೆದಾಗ ಮರುಪರೀಕ್ಷೆಗೆ ಸಿಗುವುದೂ ಮಾದರಿಯೇ. ಆದರೆ 'ಇಲ್ಲವಾದರೆ ಸುಮ್ಮನಿರಬೇಕು' ಎಂಬ ಮಾತನ್ನು ಒಪ್ಪಲಾರೆ.

ಪಟ್ಟಿಗಳನ್ನು ಪರಿಶೀಲಿಸುವ ಕೆಲಸ ನನ್ನದು, ಆದ್ದರಿಂದ ಹೇಳುತ್ತೇನೆ: ನನಗೆ ತೊಂದರೆ ಕೊಡುವುದು ಅಪೂರ್ಣ ಹೆಸರಲ್ಲ, ತಪ್ಪಾದ ಪೂರ್ಣ ಹೆಸರು. ಕುಲದ ಮಟ್ಟಕ್ಕೆ ನಿಲ್ಲಿಸಿದ ದಾಖಲೆಯನ್ನು ಯಾರಾದರೂ ಮುಂದೆ ಬೆಳೆಸಬಹುದು, ಏಕೆಂದರೆ ಅದು ತನಗೆ ಗೊತ್ತಿರುವುದನ್ನು ಮಾತ್ರ ಹೇಳುತ್ತದೆ. ಊಹೆಯಿಂದ ಬರೆದ ಪ್ರಭೇದದ ಹೆಸರಿಗೆ ಇನ್ನೊಬ್ಬರು ಅದೇ ತಂತ್ರಾಂಶದ ಸೂಚನೆಯನ್ನು ನಂಬಿ ಒಪ್ಪಿಗೆ ಕೊಟ್ಟರೆ ಅದು ಜಾಲತಾಣದಲ್ಲಿ 'ಸಂಶೋಧನಾ ದರ್ಜೆ'ಗೆ, ಅಂದರೆ ಗುರುತು ಖಚಿತವಾಯಿತೆಂಬ ದರ್ಜೆಗೆ ಏರುತ್ತದೆ. ಮುಕ್ತ ಪರವಾನಗಿಯಿದ್ದರೆ ಅಲ್ಲಿಂದ ಜಿಬಿಐಎಫ್ ಎಂಬ ಜಾಗತಿಕ ಭಂಡಾರಕ್ಕೂ ಹೋಗುತ್ತದೆ. ಆ ಬಳಿಕ ನಕ್ಷೆಯಲ್ಲಿ ಮೂಡುವ ಚುಕ್ಕಿಗೆ ಊಹೆಯೆಂಬ ಗುರುತೇ ಇರುವುದಿಲ್ಲ. ತಂತ್ರಾಂಶವಾದರೋ ಹೆಚ್ಚು ಚಿತ್ರಗಳಿರುವ ಪ್ರಭೇದಗಳನ್ನು ಕಲಿತಿರುತ್ತದೆ. ಚಿತ್ರವೇ ಇಲ್ಲದ ಪ್ರಭೇದವನ್ನು ಅದು ಹೇಗೆ ಸೂಚಿಸೀತು?

ಹೊಸಹೆಜ್ಜೆ ಅವರ ದಾಖಲೆಗಳು ಉಪಯೋಗವಿಲ್ಲದವಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಹೂವಿನ ಮೇಲೆ, ಗಂಡೋ ಹೆಣ್ಣೋ, ಪರಾಗ ಹೊತ್ತಿತ್ತೋ ಇಲ್ಲವೋ ಎಂಬಿಷ್ಟು ಇದ್ದರೆ, ಕುಲದ ಮಟ್ಟದ ದಾಖಲೆಯಿಂದಲೂ ಅದು ಹಾರುವ ಋತು ಯಾವುದು, ಆಹಾರದ ಗಿಡ ಯಾವುದು ಎಂಬುದು ತಿಳಿಯುತ್ತದೆ. ಗಿಡದ ಚಿತ್ರವನ್ನೂ ಒಂದು ತೆಗೆಯಿರಿ, ಎಲೆಯೊಂದಿಗೆ.

ಮಸೂರ

ಜಾಗದ ವಿಷಯವನ್ನೂ ಸೇರಿಸಿ. ಒಮ್ಮೆ ನಾನು ಅಕ್ಷಾಂಶ, ರೇಖಾಂಶಗಳನ್ನು ಅದಲುಬದಲು ಮಾಡಿ ನಮೂದಿಸಿದ್ದೆ. ನನ್ನ ದುಂಬಿಗಳು ಒಂದು ತಿಂಗಳು ನಡುಸಮುದ್ರದಲ್ಲಿ ಹಾರಾಡುತ್ತಿದ್ದವು.

ಟಿಪ್ಪಣಿಪುಸ್ತಕ

ಅದು ಬಹಳ ಸಾಮಾನ್ಯವಾದ ತಪ್ಪು. ಎರಡೂ ಅಂಕಣಗಳನ್ನು ಖಾಲಿ ಬಿಟ್ಟಾಗ ಸೊನ್ನೆ, ಸೊನ್ನೆ ಎಂದು ದಾಖಲಾಗಿ, ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಬಂದು ಬೀಳುವ ಜೀವಿಗಳೂ ಇವೆ. ಸಮುದ್ರದಲ್ಲಿ ಬಿದ್ದ ಚುಕ್ಕಿ ಕಣ್ಣಿಗಾದರೂ ಬೀಳುತ್ತದೆ. ಪಕ್ಕದ ಬೆಟ್ಟದ ಮೇಲೆ ಬಿದ್ದದ್ದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಬಿಂದುವಿನ ಜೊತೆಗೆ ನಿಖರತೆ ಎಷ್ಟು ಮೀಟರ್ ಎಂಬುದನ್ನೂ ಉಳಿಸಿ, ಜಾಗದ ವರ್ಣನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕ್ಯಾಮೆರಾದ ಗಡಿಯಾರವನ್ನು ಹೊರಡುವ ಮೊದಲು ನೋಡಿಕೊಳ್ಳಿ. ಬ್ಯಾಟರಿ ಬದಲಿಸಿದಾಗ ದಿನಾಂಕ ಹಿಂದಕ್ಕೆ ಹೋದದ್ದನ್ನು ಗಮನಿಸದೆ, ಒಂದಿಡೀ ಋತುವಿನ ನನ್ನ ಚಿತ್ರಗಳು ಬೇರೆ ವರ್ಷಕ್ಕೆ ಸೇರಿಹೋಗಿದ್ದವು. ಕೈಬರಹದ ಪುಸ್ತಕವಿದ್ದದ್ದರಿಂದ ಸರಿಪಡಿಸಲು ಸಾಧ್ಯವಾಯಿತು.

ಕಟ್ಟುನಿಟ್ಟು

ನನ್ನ ಮಾತು ತುಸು ಒರಟಾಯಿತು, ಒಪ್ಪುತ್ತೇನೆ. ಆದರೂ ಮಾದರಿ ಸಂಗ್ರಹವನ್ನು ಪಾಪವೆಂಬಂತೆ ನೋಡುವುದು ಬೇಡ.

ಹುಲ್ಲೆಸಳು

ಪಾಪವೆಂದು ನಾನೂ ಹೇಳುವುದಿಲ್ಲ, ಆದರೆ ಕಲಿಯುವವರಿಗೆ ಮೊದಲ ವರ್ಷವೇ ಅದನ್ನು ಹೇಳಿಕೊಡಬಾರದು ಎಂಬುದು ನನ್ನ ನಿಲುವು. ಒಂಟಿ ಜೇನ್ನೊಣದ ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಕಟ್ಟುವ ಕೋಣೆಗಳೇ ಕೆಲವು. ಗೂಡು ಕಟ್ಟುವ ಹೊತ್ತಿನಲ್ಲಿ ಅದನ್ನು ಹಿಡಿದರೆ ಆ ಗೂಡು ಅಲ್ಲಿಗೇ ನಿಂತಿತು. ಇರುವೆಯ ಸಾಲಿನಿಂದ ಎರಡು ಕೆಲಸಗಾರರನ್ನು ಮದ್ಯಸಾರದ ಸೀಸೆಗೆ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ, ಏಕೆಂದರೆ ರಾಣಿ ಗೂಡಿನಲ್ಲೇ ಉಳಿಯುತ್ತದೆ. ಹಳದಿ, ನೀಲಿ, ಬಿಳಿ ಬಟ್ಟಲುಗಳಲ್ಲಿ ಸಾಬೂನು ನೀರಿಟ್ಟು ಹುಳು ಹಿಡಿಯುವ ವಿಧಾನವಂತೂ ಯಾರು ಬಿದ್ದರೆಂದು ನೋಡುವುದಿಲ್ಲ. ಉತ್ತರಿಸಬೇಕಾದ ಪ್ರಶ್ನೆಯೊಂದು ಎದುರಿಗಿದ್ದು, ಪರವಾನಗಿಯೂ ಮಾದರಿಗಳನ್ನು ಕಾಪಾಡುವ ಸಂಗ್ರಹಾಲಯವೂ ಜೊತೆಗಿದ್ದರೆ ಮಾತ್ರ ಅದಕ್ಕೆ ಕೈಹಾಕಬೇಕು.

ಇನ್ನೊಂದು ಮಾತು. ಅಪರೂಪದ್ದು ಸಿಕ್ಕಿದರೆ ಗೂಡಿನ ನಿಖರ ಜಾಗವನ್ನು ಮರೆಮಾಡುವ ಆಯ್ಕೆಯನ್ನು ಬಳಸಿ. ಜಗತ್ತಿನ ಅತಿ ದೊಡ್ಡ ಜೇನ್ನೊಣವಾದ ಮೆಗಾಕೈಲಿ ಪ್ಲೂಟೋವನ್ನು ಬ್ರಿಟಿಷ್ ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1858ರಲ್ಲಿ ಇಂಡೋನೇಷ್ಯಾದ ದ್ವೀಪವೊಂದರಲ್ಲಿ ಸಂಗ್ರಹಿಸಿದರು. ಮತ್ತೆ ಅದು ವಿಜ್ಞಾನಿಯೊಬ್ಬರ ಕಣ್ಣಿಗೆ ಬಿದ್ದದ್ದು 1981ರಲ್ಲಿ. ಜೀವಂತವಾಗಿ ಮೊದಲ ಬಾರಿ ಅದರ ಚಿತ್ರ ತೆಗೆದದ್ದು 2019ರಲ್ಲಿ. ಆ ತಂಡ ಸ್ಥಳವನ್ನು ಬಹಿರಂಗಪಡಿಸಲಿಲ್ಲ, ಏಕೆಂದರೆ ಅದಕ್ಕೆ ಹಿಂದಿನ ವರ್ಷವೇ ಸತ್ತ ಮಾದರಿಗಳು ಅಂತರಜಾಲದಲ್ಲಿ ಸಾವಿರಾರು ಡಾಲರಿಗೆ ಮಾರಾಟವಾಗಿದ್ದವು.

ಗೊದ್ದ

ಕಾಣದಿದ್ದುದನ್ನೂ ಬರೆಯಬೇಕು ಎಂದು ಇದಕ್ಕೆ ಸೇರಿಸುತ್ತೇನೆ. ಅಮೆರಿಕದ ಫ್ರಾಂಕ್ಲಿನ್ ಬಂಬಲ್ ಜೇನ್ನೊಣವನ್ನು ರಾಬಿನ್ ಥಾರ್ಪ್ ಎಂಬ ವಿಜ್ಞಾನಿ ವರ್ಷವರ್ಷವೂ ಅದೇ ಜಾಗಗಳಿಗೆ ಹೋಗಿ ಹುಡುಕುತ್ತಿದ್ದರು. 2006ರಲ್ಲಿ ಒಂದೇ ಒಂದು ಕೆಲಸಗಾರ ಹುಳು ಕಂಡಿತು, ಆಮೇಲೆ ಕಾಣಲಿಲ್ಲ. 2019ರಲ್ಲಿ ಅವರು ತೀರಿಕೊಂಡರು. 2021ರಲ್ಲಿ ಅದು ಅಲ್ಲಿನ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿತು. ಅವರು ಕಂಡ ದಿನಗಳನ್ನು ಮಾತ್ರ ಬರೆದಿಟ್ಟು, ಬರಿಗೈಯಲ್ಲಿ ಮರಳಿದ ದಿನಗಳನ್ನು ಬಿಟ್ಟಿದ್ದರೆ ಆ ಇಳಿಕೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. 'ಒಂದೂವರೆ ಗಂಟೆ ಹುಡುಕಿದೆ, ಇಂಥ ಹೂಗಳನ್ನು ನೋಡಿದೆ, ಸಿಗಲಿಲ್ಲ' ಎಂಬುದೂ ದಾಖಲೆಯೇ.

ಮಸೂರ

ಭಾಷೆಯ ಬಗ್ಗೆ ಒಂದು ಸಣ್ಣ ದೂರು, ವಿಷಯಕ್ಕೆ ಸಂಬಂಧಿಸಿದ್ದೇ. ನಾನು ಮೇಲೆ 'ದುಂಬಿ' ಎಂದು ಬರೆದದ್ದು ಮರ ಕೊರೆಯುವ ದೊಡ್ಡ ಕಪ್ಪು ಜೇನ್ನೊಣ ಕ್ಸೈಲೋಕೋಪಾವನ್ನು. ಆದರೆ ಪುಸ್ತಕಗಳಲ್ಲಿ ಗಟ್ಟಿ ರೆಕ್ಕೆಯ ಜೀರುಂಡೆಗೂ ದುಂಬಿ ಎಂದೇ ಬರೆದಿರುವುದುಂಟು. 'ಜೇನು' ಎಂದರೆ ತುಪ್ಪವೂ ಹೌದು, ಹುಳುವೂ ಹೌದು. ಹಾಗಾಗಿ ಒಂಟಿ ಜೇನ್ನೊಣದ ಚಿತ್ರ ತೋರಿಸಿದರೆ ಎಲ್ಲರೂ ಕೇಳುವುದು 'ಗೂಡೆಲ್ಲಿ, ತುಪ್ಪವೆಷ್ಟು' ಎಂದು. ಹೆಸರಿಸಲಾದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೇನ್ನೊಣಗಳಲ್ಲಿ ಬಹುಪಾಲು ನೆಲದಲ್ಲಿ, ಟೊಳ್ಳು ಕಡ್ಡಿಗಳಲ್ಲಿ ಒಬ್ಬಂಟಿಯಾಗಿ ಗೂಡು ಕಟ್ಟುವಂಥವು, ತುಪ್ಪ ಕೂಡಿಡದವು. ದಾಖಲೆಯಲ್ಲಿ ಕನ್ನಡದ ಹೆಸರನ್ನು ಖಂಡಿತ ಬರೆಯಿರಿ, ಜೊತೆಗೆ ವೈಜ್ಞಾನಿಕ ಹೆಸರೂ ಇರಲಿ.

ಹೊಸಹೆಜ್ಜೆ

ಹತ್ತು ದಿನಗಳ ನಂತರ ಮರಳಿ ಬರೆಯುತ್ತಿದ್ದೇನೆ. 212 ದಾಖಲೆಗಳನ್ನೂ ಮತ್ತೆ ತೆರೆದು, ಪ್ರತಿಯೊಂದಕ್ಕೂ 'ಈ ಹೆಸರನ್ನು ಯಾವ ಗುರುತಿನಿಂದ ಹೇಳಿದೆ' ಎಂದು ಒಂದು ಸಾಲು ಬರೆಯಲು ಯತ್ನಿಸಿದೆ. ಆ ಸಾಲನ್ನು ಬರೆಯಲಾಗದ ಕಡೆ ಹೆಸರನ್ನು ನಾನೇ ಇಳಿಸಿದೆ. ಈಗ ಪ್ರಭೇದದ ಹೆಸರು ಉಳಿದಿರುವುದು 31 ದಾಖಲೆಗಳಿಗೆ ಮಾತ್ರ, ಅವುಗಳಲ್ಲಿ ಹೆಚ್ಚಿನವು ಚಗಳಿಯವೇ.

ನಿನ್ನೆ ಸಕ್ಕರೆ ಹನಿಯ ಉಪಾಯವನ್ನೂ ಮಾಡಿ ನೋಡಿದೆ. 'ಸಣ್ಣ ಕಪ್ಪಿರುವೆ' ಎಂದು ಬರೆದಿದ್ದ ಸಾಲಿನ ಬಳಿಯೇ ಎಲೆಯಿಟ್ಟೆ. ಮೊದಲ ಇರುವೆ ಬಂದು ಮೀಸೆಯಿಂದ ಹನಿಯ ಅಂಚನ್ನು ತಟ್ಟಿ, ಬಾಯಿಟ್ಟು ನಿಂತಿತು. ಎಲೆಯನ್ನು ಎತ್ತಿದಾಗ ಗಾಬರಿಯಾಗಿ ಹೊಟ್ಟೆಯನ್ನು ಬೆನ್ನಿನ ಮೇಲೆ, ತಲೆಯ ಕಡೆಗೆ ಮಡಚಿ ಹಿಡಿಯಿತು. ಪಕ್ಕದ ಚಿತ್ರದಲ್ಲಿ ಎರಡು ಗಂಟುಗಳಿವೆ. ಎರಡನೆಯ ಗಂಟು ಹೊಟ್ಟೆಯ ಮುಂತುದಿಗೆ ಸೇರದೆ ಮೇಲ್ಭಾಗಕ್ಕೆ ಸೇರಿದೆ, ಹೊಟ್ಟೆ ಮೇಲಿನಿಂದ ಹೃದಯದ ಆಕಾರದಲ್ಲಿದೆ. ಕ್ರೆಮಾಟೊಗ್ಯಾಸ್ಟರ್ ಕುಲ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೇನೆ. ಸರಿಯೇ?

ಗೊದ್ದ

ಸರಿ. ಹೊಟ್ಟೆ ಎತ್ತಿದ್ದನ್ನೂ ಟಿಪ್ಪಣಿಯಲ್ಲಿ ಬರೆಯಿರಿ, ಅದು ಒಳ್ಳೆಯ ಗುರುತು. ಆ ಮರದ ಕೊಂಬೆಗಳಲ್ಲಿ ಎಲೆ, ತೊಗಟೆ ಅಗಿದು ಕಟ್ಟಿದ ಕಂದು ಬಣ್ಣದ ಗೂಡೇನಾದರೂ ಇದೆಯೇ ನೋಡಿ, ಈ ಕುಲದ ಕೆಲವು ಪ್ರಭೇದಗಳು ಅಂಥ ಗೂಡು ಕಟ್ಟುತ್ತವೆ. ಇದ್ದರೆ ಅದರ ಚಿತ್ರವನ್ನೂ ಅದೇ ದಾಖಲೆಗೆ ಸೇರಿಸಿ. ಹತ್ತಿರ ಹೋಗುವಾಗ ಕತ್ತಿನ ಗುಂಡಿ ಹಾಕಿಕೊಂಡಿರಿ.